ಗೂಟ ಬೇಡದ ಚಪ್ಪರ

"ಇವೆರಡ್ರಲ್ಲಿ ಯಾವ್ದು ಒಳ್ಳೇದು, ನೀನೇ ಹೇಳಮ್ಮ," ಎಂದು ನಂಜುಂಡೇಶ್ ತನ್ನ ಹೊಸ ಜೀಪಿಗೆ ಒರಗಿ ನಿಂತ.

ನಂಜನಗೂಡಿನ ಆ ಅಂಗಡಿಯಲ್ಲಿ ರಂಜಿನಿ ಗಾಡಿಗಳಿಗೆ ಆನಿಂಗ್ ಕೂರಿಸುತ್ತಿದ್ದಳು. ಜೀಪಿನ ನೆತ್ತಿಗೆ ಬಿಗಿದ ಚೀಲದಿಂದ ಬಿಚ್ಚಿ ಹರಡುವ ಬಟ್ಟೆಯ ಚಪ್ಪರ ಅದು. ಒಂದು ಬಗೆಯದು ಪಕ್ಕಕ್ಕಷ್ಟೇ ಚಾಚುತ್ತಿತ್ತು. ಕಾಲು ಕೊಟ್ಟು, ಗೂಟ ಹೊಡೆದು, ಹಗ್ಗ ಬಿಗಿಯಬೇಕು. ಇನ್ನೊಂದು ಬೀಸಣಿಗೆಯಂತೆ ಬಿಚ್ಚಿಕೊಂಡು ಮೂರು ಬದಿಗೂ ನೆರಳು ಕೊಡುತ್ತಿತ್ತು. ಗಾಳಿಯಿಲ್ಲದ ಕಡೆ ಅದಕ್ಕೆ ಕಾಲೂ ಬೇಡ.

"ಎಲ್ಲಿ ಹಾಕ್ತೀರಾ ಸಾ?"

"ನರಸೀಪುರದಲ್ಲಿ, ಹೊಳೆ ಮರಳ ಮೇಲೆ. ಭಾನುವಾರ ಬೀಗರು ಬತ್ತಾವ್ರೆ. ನಮ್ಮವ್ವನ್ನೂ ಕರ್ಕೊಂಡೋಯ್ತೀನಿ."

ಅವನಿಗೆ ಅವಳ ಗುರುತು ಸಿಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳ ಅಕ್ಕ ಕವನಳ ಮದುವೆಯ ದಿನ, ತನ್ನ ಕಾರಿಗೆ ದಾರಿಯಿಲ್ಲವೆಂದು ಬೀದಿಯ ಶಾಮಿಯಾನದ ಹಗ್ಗಗಳನ್ನು ಮಚ್ಚಿನಿಂದ ಕಡಿದವನು ಇವನೇ. ಅಪ್ಪ ಮರಿಯಯ್ಯ ವಾಲಿದ ಕಂಬವನ್ನು ತಬ್ಬಿ ನಿಂತಿದ್ದ. ತಾಳಿ ಕಟ್ಟುವಾಗ ಮಗಳ ತಲೆಗೆ ಅಕ್ಷತೆ ಹಾಕಲೂ ಅವನಿಗೆ ಕೈ ಬಿಡುವಿರಲಿಲ್ಲ.

ಮಧ್ಯಾಹ್ನವಾದರೆ ಹೊಳೆಯ ಗಾಳಿ ಏಳುವುದು ರಂಜಿನಿಗೆ ಗೊತ್ತಿತ್ತು.

"ದೊಡ್ಡದೇ ತಕ್ಕಳಿ ಸಾ," ಎಂದಳು. "ಗೂಟ, ಹಗ್ಗ ಏನೂ ಬ್ಯಾಡ."

ಬಿಚ್ಚಿ ತೋರಿಸಲು ಭಾನುವಾರ ಅವಳೇ ಬರಬೇಕೆಂದ. ಹೋದಳು. ಚಪ್ಪರ ಹರಡಿತು, ಬೀಗರು ಹೊಗಳಿದರು, ಎಲೆ ಹಾಕಿದರು. ಅನ್ನ ಬಡಿಸುವಾಗ ಗಾಳಿ ಎದ್ದಿತು. ಬಟ್ಟೆ ಉಬ್ಬಿ ಒಂದು ಬದಿ ಮೇಲಕ್ಕೆ ಹಾರಿ, ಪಟಾರನೆ ಕೆಳಗೆ ಬಡಿಯಿತು. ಕೆಳಗೆ ಕೂತಿದ್ದ ಅವನ ತಾಯಿ ಜವರಮ್ಮನಿಗೆ ಸ್ವಲ್ಪದರಲ್ಲಿ ತಪ್ಪಿತು.

ರಂಜಿನಿಯ ಸ್ಕೂಟರಿನಲ್ಲಿ ಗೂಟ, ಹಗ್ಗ ಎರಡೂ ಇದ್ದವು. ಅವಳು ಅತ್ತ ಹೋಗಲಿಲ್ಲ. ಚಪ್ಪರದ ತುದಿಯ ಕಂಬಿಯೊಳಗೆ ಮಡಚಿಟ್ಟಿದ್ದ ಕಾಲನ್ನು ಕೆಳಗಿಳಿಸಿದಳು.

"ಇದ ಅದುಮಿ ಹಿಡ್ಕಳಿ ಸಾ. ಈ ಗಾಳೀಲಿ ಮಡಚಕ್ಕಾಗಲ್ಲ. ಬಿಟ್ರೆ ಅವ್ವನ ಮೇಲೆ ಬೀಳ್ತದೆ."

ನಂಜುಂಡೇಶ್ ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ನಿಂತ. ಉಣ್ಣುತ್ತಿದ್ದ ಬೀಗರನ್ನು ನೆರವಿಗೆ ಕರೆಯಲು ಬಾಯಿ ಬರಲಿಲ್ಲ. ರೇಷ್ಮೆ ಅಂಗಿ ಬೆನ್ನಿಗೆ ಅಂಟಿತು.

"ಎಷ್ಟೊತ್ತಮ್ಮ ಹಿಂಗೆ?"

"ಎಲ್ರೂ ಉಂಡು ಏಳಗಂಟ."

"ಯಾರ ಮಗಳು ನೀನು?"

"ಮರಿಯಯ್ಯನ ಮಗಳು. ಕವನನ ತಂಗಿ."

ಅವನ ಮುಖ ಕಪ್ಪಿಟ್ಟಿತು. ಕೈ ಸಡಿಲಾಯಿತು, ಬಟ್ಟೆ ಎಗರಿತು, ಮತ್ತೆ ಬಿಗಿಹಿಡಿದ.

"ನೀನ್ಯಾಕವ್ವ ನಿಂತಿದ್ದೀಯೆ? ಬಾ, ಉಣ್ಣು," ಎಂದು ಜವರಮ್ಮ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿಸಿದಳು.

ರಂಜಿನಿ ಚಪ್ಪಲಿ ಬಿಟ್ಟು ನೆರಳಿನಲ್ಲಿ ಕೂತು ನಿಧಾನವಾಗಿ ಉಂಡಳು. ಹೊಟ್ಟೆ ತುಂಬಿತ್ತು, ಆದರೂ ಏಳಲಿಲ್ಲ.

"ಇನ್ನೊಸಿ ಅನ್ನ ಹಾಕಿ ಅವ್ವಾ," ಎಂದು ಎಲೆಯನ್ನು ಮುಂದಕ್ಕೆ ಸರಿಸಿದಳು.