ಜುವೈರಿಯಾಳನ್ನು ಬೇರೆ ಬಸ್ಸಿಗೆ ಹತ್ತಿಸಿದ್ದು

ತಪ್ಪು ಮಾಡಿದ್ದು ಜಾಲ್ಸೂರಿನ ಹರಿಣಾಕ್ಷಿ, ಅಂದರೆ ನಾನು. ಹಾಗಾಗಿ ನಾನೇ ಹೇಳುತ್ತೇನೆ.

ಪಕ್ಕದ ಮನೆಯ ಕದೀಜಮ್ಮನ ಮಗಳು ಜುವೈರಿಯಾ. ಎರಡು ವರ್ಷದ ಹಿಂದೆ ಕಾಯಿಲೆಯಿಂದ ಅವಳ ಕಣ್ಣು ಪೂರಾ ಹೋಯಿತು. ಈಗ ಸುಳ್ಯದ ಒಂದು ಕ್ಲಿನಿಕ್ಕಿನಲ್ಲಿ ಫೋನ್ ತೆಗೆದು ಮಾತಾಡುವ ಕೆಲಸ ಸಿಕ್ಕಿದೆ. ಸೋಮವಾರ ಸೇರದಿದ್ದರೆ ಅದು ಬೇರೆಯವರಿಗೆ.

"ಒಬ್ಬಳೇ ಹೇಗೆ ಹೋಗುದು? ಬೇಡವೇ ಬೇಡ," ಅಂದರು ಕದೀಜಮ್ಮ, ಬೀಡಿ ಕಟ್ಟುತ್ತಾ.

"ಉಮ್ಮ, ಪುತ್ತೂರಿನ ತರಬೇತಿಯಲ್ಲಿ ಕೋಲು ಹಿಡಿದು ನಡೆಯುದು, ಫೋನ್ ಬಳಸುದು ಎಲ್ಲ ಕಲಿತಿದ್ದೇನಲ್ಲ!"

ನಾನೂ ಬಾಯಿ ಹಾಕಿದೆ. "ಫೋನಿಗೆ ಕಣ್ಣುಂಟಾ ಮಾರಾಯ್ತಿ?"

ಕೊನೆಗೆ ತಾಯಿ ಮಗಳು ಒಂದು ಒಪ್ಪಂದಕ್ಕೆ ಬಂದರಂತೆ. ಶುಕ್ರವಾರ ಒಬ್ಬಳೇ ಸುಳ್ಯಕ್ಕೆ ಹೋಗಿ ಬರುದು. ಸರಿಯಾಗಿ ಬಂದರೆ ಕೆಲಸ, ಇಲ್ಲದಿದ್ದರೆ ಮನೆಯೇ ಗತಿ. ನನಗೆ ಇದು ಗೊತ್ತಿರಲಿಲ್ಲ. ಆ ಶುಕ್ರವಾರ ಬಸ್ಸಿಗೆ ನಿಂತ ಅವಳನ್ನು ಕಂಡೆ. ಕಣ್ಣು ಕಾಣದ ಹುಡುಗಿ ಇನ್ನೆಲ್ಲಿಗೆ ಹೋಗ್ತಾಳೆ, ಕಾಸರಗೋಡಿನ ಮಾಮಿ ಮನೆಗೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಅವಳು "ಅಕ್ಕಾ, ನಿಲ್ಲಿ" ಅಂದರೂ ಕೇಳದೆ, "ನಿನ್ನ ಬಸ್ಸೇ ಇದು" ಅಂತ ಎಳೆದು ಹತ್ತಿಸಿದೆ. ದೊಡ್ಡ ಉಪಕಾರ ಮಾಡಿದ ಖುಷಿಯಲ್ಲಿ, ಪೇಟೆಯ ಕೆಲಸ ಮುಗಿಸಿ ಒಂದು ಗಂಟೆ ಬಿಟ್ಟು ಮನೆಗೆ ಬಂದೆ.

ಅವಳನ್ನು ಕಾಸರಗೋಡಿನ ಬಸ್ಸಿಗೆ ಹತ್ತಿಸಿದೆ ಅಂತ ಹೇಳಿದ ಕೂಡಲೇ ಕದೀಜಮ್ಮ ಬೀಡಿ ಕೆಳಗಿಟ್ಟು ಎದ್ದರು. "ಅಲ್ಲಾಹ್, ಅವಳು ಹೊರಟದ್ದು ಸುಳ್ಯಕ್ಕೆ!"

ಕೂಡಲೇ ಅವಳಿಗೆ ಫೋನ್ ಮಾಡಿದೆವು.

"ನಾನು ಸುಳ್ಯ ಮುಟ್ಟಿಯಾಯ್ತು ಉಮ್ಮ," ಅಂದಳು ಜುವೈರಿಯಾ. "ಬಸ್ಸು ಸ್ವಲ್ಪ ಮುಂದೆ ಹೋದಾಗಲೇ ಫೋನಿನ ಮ್ಯಾಪ್ ದಾರಿ ತಪ್ಪಿದೆ ಅಂತ ಹೇಳಿತು. ಮುಂದಿನ ಸ್ಟಾಪಿನಲ್ಲಿ ಇಳಿದೆ. ಅಲ್ಲಿದ್ದವರನ್ನು ಕೇಳಿ ರಸ್ತೆ ದಾಟಿದೆ. ಬಂದು ನಿಂತ ಬಸ್ಸಿನ ಬೋರ್ಡಿಗೆ ಕ್ಯಾಮರಾ ಹಿಡಿದೆ, ಫೋನ್ ಓದಿ ಹೇಳಿತು. ಕಂಡಕ್ಟರರನ್ನೂ ಒಂದು ಮಾತು ಕೇಳಿಯೇ ಹತ್ತಿದ್ದು."

"ರಸ್ತೆಯ ಹೊಂಡವನ್ನೂ ಫೋನ್ ಹೇಳ್ತದಾ?" ನಾನು ಬಿಡಲಿಲ್ಲ.

"ಇಲ್ಲ ಅಕ್ಕ, ಅದಕ್ಕೆ ಕೋಲೇ ಬೇಕು. ಇಯರ್‌ಫೋನ್ ಕೂಡ ಒಂದೇ ಕಿವಿಗೆ. ಇನ್ನೊಂದರಲ್ಲಿ ವಾಹನದ ಸದ್ದು ಕೇಳಬೇಕಲ್ಲ."

ಕದೀಜಮ್ಮ ಕಣ್ಣೊರೆಸಿಕೊಂಡರು. "ದಾರಿ ತಪ್ಪಿಸಿದ್ದು ನೀನು ಹರಿಣಾಕ್ಷಿ, ಅವಳಲ್ಲ. ಸೋಮವಾರ ಅವಳು ಕೆಲಸಕ್ಕೆ ಹೋಗಲಿ," ಅಂದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ನಿಮ್ಮ ಮನೆಯಲ್ಲಿ ಕಣ್ಣು ಕಾಣದವರು ಇದ್ದರೆ ಮೂಲೆಯಲ್ಲಿ ಕೂರಿಸಬೇಡಿ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ವ್ಯವಸ್ಥೆ ಹೆಚ್ಚಿನ ಸ್ಮಾರ್ಟ್‌ಫೋನಿನಲ್ಲಿ ಮೊದಲೇ ಉಂಟು. ಗೊತ್ತಿದ್ದವರಿಂದ ಅದನ್ನು ಕಲಿಸಿ, ಕೋಲು ಹಿಡಿದು ನಡೆಯುವ ತರಬೇತಿಯನ್ನೂ ಕೊಡಿಸಿ. ಮತ್ತೆ, ಬಸ್ಸಿಗೆ ನಿಂತ ಅಂಥವರು ಕಂಡರೆ ನನ್ನ ಹಾಗೆ ಕೈ ಹಿಡಿದು ಎಳೆಯಬೇಡಿ ಮಾರಾಯ್ರೆ. ಎಲ್ಲಿಗೆ ಹೋಗಬೇಕು ಅಂತ ಮೊದಲು ಅವರನ್ನೇ ಕೇಳಿ.