ಬಂತಾಯ್ ಕಾರ್ಡು

ನಮ್ಮ ಇಲೊಯ್ಲೊ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು. ಅವರನ್ನು ಬಂತಾಯ್ ಅನ್ನುತ್ತೇವೆ. ನಲವತ್ತು ಹಾಸಿಗೆಗೆ ಇಬ್ಬರೇ ನರ್ಸುಗಳು. ಅವರು ಸೂಜಿ ಚುಚ್ಚುತ್ತಾರೆ, ಮಾತ್ರೆ ಕೊಡುತ್ತಾರೆ. ಉಣಿಸುವುದು, ಒರೆಸುವುದು, ಹೊರಳಿಸುವುದು ಬಂತಾಯ್ ಕೆಲಸ. ಕೊರಳಿಗೆ ಹಾಕಿಕೊಳ್ಳುವ ಹಳದಿ ಕಾರ್ಡು ರೋಗಿಗೆ ಒಂದೇ.

ಅತ್ತೆ ಕೊನ್ಸೋರ್ಸಿಯಾಗೆ ಲಕ್ವ ಹೊಡೆದ ಮೇಲೆ ಹತ್ತೊಂಬತ್ತು ದಿನ ಅದು ನನ್ನ ಕೊರಳಲ್ಲಿತ್ತು. ಮಂಚದ ಕೆಳಗೆ ರಟ್ಟು ಹಾಸಿ ಮಲಗುತ್ತಿದ್ದೆ. ಅತ್ತೆಯ ಸೊಂಟದ ಕೆಳಗೆ ಚರ್ಮ ಕೆಂಪಾಗಿದ್ದನ್ನು ನರ್ಸ್ ರೊವೆನಾ ಮೊದಲ ವಾರವೇ ತೋರಿಸಿದ್ದಳು.

"ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಪುರಿಂಗಕ್ಕ. ಇದು ಒಡೆದ್ರೆ ಮೂಳೆ ತನಕ ಹೋಗುತ್ತೆ. ಆಮೇಲೆ ಉಳಿಸೋದು ಕಷ್ಟ."

ಒಡೆಯಲು ನಾನು ಬಿಟ್ಟಿರಲಿಲ್ಲ.

ಶುಕ್ರವಾರ ಮನಿಲಾದಿಂದ ಅತ್ತೆಯ ಮಗಳು ಗ್ಲೆಂಡಾ ಬಂದಳು. ಗೇಟಿನ ಪುಸ್ತಕದಲ್ಲಿ 'ಸಂಬಂಧ' ಅನ್ನುವ ಕಡೆ 'ಸೊಸೆ' ಎಂದಿದ್ದನ್ನು ನೋಡಿ ನಕ್ಕಳು.

"ತಮ್ಮ ನಿನ್ನ ಬಿಟ್ಟು ನಾಲ್ಕು ವರ್ಷ ಆಯ್ತಲ್ಲೇ. ಇನ್ನೆಲ್ಲಿಯ ಸೊಸೆ? ತೆಗಿ ಕಾರ್ಡು. ಮಗಳು ಅಂತ ಬರೆಸ್ತೀನಿ."

"ಎರಡು ಗಂಟೆಗೊಮ್ಮೆ ಹೊರಳಿಸ್ಬೇಕು ಅತ್ತಿಗೆ. ದಿಂಬನ್ನ ಹೀಗೆ…"

"ನಮ್ಮಮ್ಮ ಕಣೇ ಅದು! ನೀನು ಹೇಳಿಕೊಡ್ಬೇಕಾ?"

ಕೊಟ್ಟುಬಿಟ್ಟೆ. ಮನೆಗೆ ಹೋಗಿ ಮಕ್ಕಳ ಯೂನಿಫಾರಂ ಒಗೆದೆ, ಚಿಕ್ಕವಳ ತಲೆಯ ಹೇನು ತೆಗೆದೆ, ಮೈಮರೆತು ಮಲಗಿದೆ. ಹಾಯೆನಿಸಿತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಶನಿವಾರ ಶುಂಠಿ ಹಾಕಿದ ಗಂಜಿ ತೆಗೆದುಕೊಂಡು ಹೋದರೆ ಕಾವಲಿನವನು ಬಿಡಲಿಲ್ಲ. "ನಿಮ್ಮ ಕಾರ್ಡು ಒಳಗಿದೆ ತಾಯಿ, ಪುಸ್ತಕದಲ್ಲಿ ನೋಡಿ." ಗ್ಲೆಂಡಾ ಫೋನ್ ಎತ್ತಲಿಲ್ಲ. ಆದರೆ ಫೇಸ್‌ಬುಕ್ಕಿನಲ್ಲಿ ಫೋಟೊ ಹಾಕಿದ್ದಳು: ಅಮ್ಮನ ಹಣೆಗೆ ಮುತ್ತು. ಕೆಳಗೆ, 'ಅಮ್ಮನ ಪಕ್ಕ ನಿದ್ದೆಯಿಲ್ಲದೆ ಕೂತಿದ್ದೇನೆ. ಪ್ರಾರ್ಥಿಸಿ.' ಇನ್ನೂರು ಜನ ಕೈ ಮುಗಿದಿದ್ದರು. ನಾನೂ ನಂಬಿ ವಾಪಸಾದೆ.

ಭಾನುವಾರ ಬೆಳಿಗ್ಗೆ ಮತ್ತೆ ಗೇಟಿನಲ್ಲಿ ನಿಂತಿದ್ದಾಗ ರೊವೆನಾ ಓಡಿಬಂದಳು.

"ಎಲ್ಲಿ ಹೋಗಿದ್ರಿ ಅಕ್ಕ? ರಜೆ ಮುಗಿಸಿ ಬಂದು ನೋಡ್ತೀನಿ, ಅಜ್ಜಿ ಪಕ್ಕ ಯಾರೂ ಇಲ್ಲ!"

ಗ್ಲೆಂಡಾ ಶುಕ್ರವಾರ ಸಂಜೆಯೇ ಅಡುಗೆಮನೆ ಕಡೆಯ ಬಾಗಿಲಿಂದ ಹೊರಗೆ ಹೋಗಿದ್ದಳು. ಕಾರ್ಡು ಅವಳ ಪರ್ಸಿನಲ್ಲಿ, ಹೆಸರು ಮಾತ್ರ ಪುಸ್ತಕದಲ್ಲಿ. ರೊವೆನಾ ನನ್ನ ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು.

ಗ್ಲೆಂಡಾ ಬಿಟ್ಟುಹೋದ ಹಾಗೇ ಅತ್ತೆ ಅಂಗಾತ ಮಲಗಿದ್ದರು. ಉಚ್ಚೆ ಚೀಲ ತುಂಬಿ ಬಿಗಿದಿತ್ತು. ಹೊರಳಿಸಲು ಹೋದರೆ ಬೆನ್ನಿನ ಜೊತೆ ದುಪ್ಪಟಿಯೂ ಎದ್ದುಬಂತು. ನೀರು ಹಾಕಿ ಹಾಕಿ ಬಿಡಿಸಿದೆ. ಕೆಂಪಗಿದ್ದಲ್ಲಿ ಈಗ ನನ್ನ ಅಂಗೈ ಅಗಲದ ಗಾಯ, ಅಂಚು ಕಪ್ಪು, ನಡುವೆ ಕೀವು.

ಪಕ್ಕದ ಹಾಸಿಗೆಯಲ್ಲಿ ಹೆಂಡತಿಗೆ ಬಂತಾಯ್ ಆಗಿದ್ದ ಇಸ್ಕೊ ತಾತ ತಲೆ ತಗ್ಗಿಸಿದ. "ನೀರು, ಗಂಜಿ ಕುಡಿಸ್ದೆ ಮಗಳೇ. ಹೆಂಗಸರ ಮೈ, ಮುಟ್ಟಿ ಹೊರಳ್ಸೋದು ಹೇಗೆ? ಆವತ್ತು ಫೋಟೊ ಮಾತ್ರ ನನ್ ಕೈಲೇ ತೆಗೆಸಿದ್ಲು. ಎರಡು ಸಲ. ಮೊದಲ್ನೇದ್ರಲ್ಲಿ ಉಚ್ಚೆ ಚೀಲ ಕಾಣಿಸ್ತಂತೆ."

ಅಷ್ಟರಲ್ಲಿ ಗ್ಲೆಂಡಾ ಬಂದಳು. ಕೂದಲು ಆಗಷ್ಟೇ ನೇರ ಮಾಡಿಸಿದ್ದು, ಮೈಯೆಲ್ಲ ಸೆಂಟು.

"ಥೂ, ಏನಿದು ವಾಸನೆ! ನರ್ಸುಗಳು ಏನು ಮಾಡ್ತಾ ಇದ್ರು?"

"ಕಾರ್ಡು ಕೊಡಿ," ಅಂದಳು ರೊವೆನಾ.

"ರಕ್ತಸಂಬಂಧ ನಂದು!"

"ಹಾಗಾದ್ರೆ ಹಿಡ್ಕೊಳ್ಳಿ," ಎಂದು ಕೀವು ಒರೆಸಿದ ಹತ್ತಿಯಿದ್ದ ಬೋಗುಣಿಯನ್ನು ಮುಂದೆ ಚಾಚಿದಳು. ಗ್ಲೆಂಡಾ ಬಾಯಿಗೆ ಕರವಸ್ತ್ರ ಒತ್ತಿ ಹಿಂದೆ ಸರಿದಳು.

"ನಿಂಗೆ ಅಸಹ್ಯ ಆಗಲ್ವೇನೇ ಪುರಿಂಗ್?"

"ಆಗ್ತಿದೆ ಅತ್ತಿಗೆ," ಅಂದೆ, ಅವಳ ಮುಖವನ್ನೇ ನೋಡುತ್ತ.

ಕಾರ್ಡನ್ನು ಮಂಚದ ಮೇಲೆ ಎಸೆದು ಹೋದಳು. ಅದಕ್ಕೂ ಸೆಂಟಿನ ವಾಸನೆ ಹತ್ತಿತ್ತು. ಸೋಪು ಹಾಕಿ ತೊಳೆದು ಕೊರಳಿಗೆ ಹಾಕಿಕೊಂಡೆ.

ಅತ್ತೆ ಕಣ್ಣು ತೆರೆದರು. ಸೊಟ್ಟಗಾದ ಬಾಯಿಂದ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

"ಗ್ಲೆಂಡಾ… ಉಂಡ್ಲಾ?"

ಅವರ ಬಾಯಂಚಿನ ಜೊಲ್ಲು ಒರೆಸಿದೆ.

"ಉಂಡ್ಲು ಅತ್ತೆ," ಅಂದೆ. ದಿಂಬು ಒತ್ತುಕೊಟ್ಟು ಅವರನ್ನು ಬಲಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿದೆ. ಹತ್ತೂಕಾಲು. ಹನ್ನೆರಡೂಕಾಲಿಗೆ ಮತ್ತೆ ಹೊರಳಿಸಬೇಕು.