ತಪ್ಪಾತು, ಮದಲಿಂದ ಕೇಳು

"ಈ ಚಹಾದ ಆಣಿ ಪ್ರಭು ಸರ್, ನಾ ಹೇಳೂದ್ರಾಗ ಒಂದಕ್ಷರ ಸುಳ್ಳಿದ್ರ ನನ್ನ ನಾಲಗಿ ಸುಡ್ಲಿ" ಎಂದ ಮೈಲಾರಲಿಂಗ ಮಾಸ್ತರು ಚಹಾವನ್ನು ಬಸಿಗೆ ಸುರಿದು, ಊದಿ ಊದಿ ಚೆನ್ನಾಗಿ ಆರಿಸಿಕೊಂಡರು.

ಹಾನಗಲ್ ಬಸ್‌ಸ್ಟ್ಯಾಂಡಿಗೆ ಸವಣೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಸವಣೂರಿನಲ್ಲಿ ನಾಲ್ಕು ತಾಲೂಕಿನ ಕಾಲೇಜು ಮಾಸ್ತರರಿಗೆ ತರಬೇತಿ. ಅರ್ಧ ಪಾಠ ಮೊಬೈಲಿನಲ್ಲಿ, ಅರ್ಧ ತರಗತಿಯಲ್ಲಿ ನಡೆಯುವ ಹೈಬ್ರಿಡ್ ಕೋರ್ಸನ್ನು ಹೇಗೆ ಕಟ್ಟಬೇಕೆಂದು ಪ್ರಭು ತೋರಿಸುವವರಿದ್ದರು. ಆ ಕೋರ್ಸು ಕಟ್ಟಿದವಳು ಅತಿಥಿ ಉಪನ್ಯಾಸಕಿ ಶಬೀನಾ. ಅದರ ಮೇಲಿದ್ದ ಹೆಸರು ಮಾತ್ರ ಪ್ರಭುವಿನದು. "ಪಾಠ ಎಲ್ಲಾ ರೆಕಾರ್ಡ್ ಆಗ್ಯಾವು, ಬರೂ ವರ್ಷ ಆಕಿ ಯಾಕ ಬೇಕ್ರಿ?" ಎಂದು ಅವರು ಪ್ರಿನ್ಸಿಪಾಲರಿಗೆ ಹೇಳಿದ್ದು ನಿನ್ನೆಯಷ್ಟೇ ಸ್ಟಾಫ್‌ರೂಮಿಗೆ ಮುಟ್ಟಿತ್ತು. ತರಬೇತಿಗೆ ಹೊರಟವರಲ್ಲಿ ಶಬೀನಾಳೂ ಇದ್ದಳು. ದೂರದ ಬೆಂಚಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಹಿರೇಕೆರೂರ ಕಡೆ ಒಬ್ಬ ಸಾಹೇಬ್ರು. ನಿಮ್ಹಂಗ ಭಾಳ ಶಾಣ್ಯಾರು. ಯಾರೋ ಒಬ್ಬಾಕಿ ಮಾಡಿದ ಕೋರ್ಸು ತಮ್ಮದಂತ ತರಬೇತಿಗೆ ಒಯ್ದ್ರು. ಒಮ್ಮೆರ ತೆರದು ನೋಡಿರ್ಲಿಲ್ಲ. ಮಂದಿ ಮುಂದ ಪಾಠ ಚಾಲೂ ಮಾಡಿದ್ರು. ನಡಬರಕ ಪಾಠ ನಿಂತು ಒಂದು ಪ್ರಶ್ನಿ ಬಂತು. ಉತ್ತರ ಸರಿ ಕೊಟ್ರಷ್ಟ ಮುಂದ ಹೋಗೂದು. ಸಾಹೇಬ್ರದು ತಪ್ಪಾತು. ಸ್ಪೀಕರಿನ್ಯಾಗ ಆಕಿ ದನಿ ಬಂತ್ರೀ, ಬೆಲ್ಲದಂಥಾ ದನಿ: 'ತಪ್ಪಾತು ತಮ್ಮಾ, ನಾಚಕೋಬ್ಯಾಡ. ಮದಲಿಂದ ಕೇಳು.' ಪಾಠ ಹೊಳ್ಳಿ ಮದಲಿಗೆ ಹೋತು."

ಪ್ರಭು ನಕ್ಕರು. "ಮುಂದ?"

"ಮತ್ತ ತಪ್ಪು. ಮತ್ತ 'ತಮ್ಮಾ, ನಾಚಕೋಬ್ಯಾಡ'. ಮಂದಿ ಊಟಾ ಮಾಡಿ ಬಂದ್ರು, ಸಾಹೇಬ್ರು ಅಲ್ಲೇ. ಮರುದಿನ ಆ ತರಬೇತಿ ಹಾಲ್‌ನ್ಯಾಗ ಲಗ್ನ ಇತ್ತು. ಮದುಮಕ್ಕಳು ಇವರ ಕಾಲಿಗೂ ಬಿದ್ದು, ಅಕ್ಕಿಕಾಳು ಹಾಕಿಸ್ಕೊಂಡು ಹ್ವಾದ್ರು. ಇವರು ಮದಲನೇ ಪ್ರಶ್ನಿ ಮ್ಯಾಲನ."

"ಯಾರನ್ನರ ಕೇಳಬೇಕಿತ್ತಲ್ರಿ?"

"ಹೆಂಗ ಕೇಳ್ತಾರ? ಕೋರ್ಸು ನಂದ ಅಂತ ಡಂಗುರಾ ಸಾರ್ಯಾರ. ಗೊತ್ತಿದ್ದಾಕಿ ಮುಂದಿನ ಬೆಂಚಿನ್ಯಾಗನ ಇದ್ಲು. ಕಲಿಯಾಕ ಬಂದಾರ್ಗತೆ ಕೈಕಟ್ಟಿ ಕುಂತಿದ್ಲು."

ಪ್ರಭುವಿನ ಕಣ್ಣು ದೂರದ ಬೆಂಚಿನ ಕಡೆ ಹೋಗಿ ಬಂತು. ಚಹಾದ ಕಪ್ಪು ಕೆಳಗಿಟ್ಟು ದನಿ ತಗ್ಗಿಸಿದರು.

"ನಮ್ಮ ಕೋರ್ಸಿನ್ಯಾಗ ಹಂತಾ ಪ್ರಶ್ನಿ ಏನರ ಅದಾವೇನ್ರಿ?"

"ನನಗೇನ್ ಗೊತ್ರಿ ಸರ್? ಕೋರ್ಸು ನಿಮ್ಮದು." ಮಾಸ್ತರು ಬಸಿಯ ಚಹಾವನ್ನು ಸುರ್ರೆಂದು ಹೀರಿದರು. "ಅಂದಂಗ, ಆ ಸಾಹೇಬ್ರನ್ನ ಆ ಹಾಲ್‌ನಿಂದ ಎಬ್ಬಿಸಾಕ ಕಡೀಕ ಯಾರು ಬರಬೇಕಾತು ಅಂದ್ರ, ಸಾಕ್ಷಾತ್ ನಮ್ಮ—"

ಪ್ರಭು ಎದ್ದಾಗಿತ್ತು. ಕಂಬದ ಮರೆಗೆ ಹೋಗಿ ಫೋನು ಕಿವಿಗಿಟ್ಟುಕೊಂಡರು.

ಅತ್ತ ಬೆಂಚಿನಲ್ಲಿ ಶಬೀನಾಳ ಫೋನು ಹೊಡೆದುಕೊಳ್ಳತೊಡಗಿತು. ಅವಳು ಹೆಸರು ನೋಡಿ, ಅದನ್ನು ಮಡಿಲಲ್ಲಿ ಬೋರಲು ಹಾಕಿ, ಇನ್ನೊಂದು ಶೇಂಗಾ ಸುಲಿದಳು. ಸವಣೂರಿನ ಬಸ್ಸು ಗೇಟಿನಲ್ಲಿ ತಿರುಗುತ್ತಿತ್ತು.